ಅಖಾಡದಿಂದ ಇಳಿದ ಮೇಲೆ

ಪೈಲ್ವಾನನೊಬ್ಬನ ಹೆಸರು ಬಂದ ಕೂಡಲೇ ಅವನು ಎಷ್ಟು ಜೋಡಿ ಗೆದ್ದ, ಯಾರನ್ನು ಚಿತ್ ಮಾಡಿದ ಎಂದು ಕೇಳುತ್ತೇವೆ. ಅಖಾಡ ಬಿಟ್ಟ ಮೇಲೆ ಹೇಗೆ ಬದುಕಿದ ಎಂದು ಕೇಳುವವರು ಕಡಿಮೆ. ಎಂಎಂಎ ಎಂದೇ ಎಲ್ಲರೂ ಕರೆಯುವ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಈಗ ಮೊಬೈಲ್ ಮೂಲಕ ತುಮಕೂರು, ಗುಬ್ಬಿ, ಕುಣಿಗಲ್‌ನ ಹುಡುಗರ ಕೈಗೂ ಬಂದಿದೆ. ಈ ಆಟ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಬೇಕಾದರೆ ಕೇಳಬೇಕಾದದ್ದು ಆ ಎರಡನೆಯ ಪ್ರಶ್ನೆಯನ್ನೇ.

ಕುಸ್ತಿ, ಬಾಕ್ಸಿಂಗ್, ಜೂಡೊ, ಜುಜುತ್ಸು ಎಲ್ಲವನ್ನೂ ಒಂದೇ ಪಂಜರದೊಳಗೆ ತಂದ ಈ ಸ್ಪರ್ಧೆಯ ದೊಡ್ಡ ಕಂಪನಿ ಯುಎಫ್‌ಸಿ. ಅದರ ಮೊದಲ ಪಂದ್ಯಾವಳಿ 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ನಡೆಯಿತು. ಅಲ್ಲಿಂದೀಚೆಗಿನ ನಿವೃತ್ತಿಗಳಲ್ಲಿ ಹೆಚ್ಚು ಮಾತಿಗೆ ಬಂದವುಗಳಲ್ಲೊಂದು ಖಬೀಬ್ ನುರ್ಮಗೊಮೆದೊವ್‌ನದು. ರಷ್ಯಾದ ದಾಗೆಸ್ತಾನದ ಬೆಟ್ಟದ ಹಳ್ಳಿಯವನು. ಅವನಿಗೆ ಕುಸ್ತಿ, ಜೂಡೊ, ಸಾಂಬೊ ಕಲಿಸಿದ್ದು ತಂದೆ ಅಬ್ದುಲ್‌ಮನಾಪ್. ಮನೆಯೇ ಗರಡಿ, ಅಪ್ಪನೇ ಉಸ್ತಾದ್. ಹುಡುಗನಾಗಿದ್ದಾಗ ಕರಡಿಮರಿಯ ಜೊತೆ ಸೆಣಸುವ ಅವನ ವಿಡಿಯೊ ಲೋಕವೆಲ್ಲ ನೋಡಿದ್ದು.

ಅವನ ಆಟದಲ್ಲಿ ಬೆಡಗು ಕಡಿಮೆ, ಹಿಡಿತ ಜಾಸ್ತಿ. ಎದುರಾಳಿಯನ್ನು ಪಂಜರದ ಬಲೆಗೆ ಒತ್ತಿ, ಕಾಲು ಎಳೆದು ಕೆಡವಿ, ಅವನು ಏಳಲು ಊರಿದ ಕೈಯನ್ನೇ ಹಿಡಿದು ತಿರುಚಿ ನೆಲಕ್ಕೆ ಅಂಟಿಸುತ್ತಿದ್ದ. ನಮ್ಮ ನಾಡಕುಸ್ತಿ ನೋಡಿದ ಕಣ್ಣಿಗೆ ಆ ಪಟ್ಟುಗಳು ಹೊಸವಲ್ಲ. ಒಂದು ಕಪ್ಪುಚುಕ್ಕೆಯೂ ಇದೆ. 2018ರ ಅಕ್ಟೋಬರ್‌ನಲ್ಲಿ ಕಾನರ್ ಮೆಕ್‌ಗ್ರೆಗರ್‌ನನ್ನು ಸೋಲಿಸಿದ ಮರುಕ್ಷಣ ಬೇಲಿ ಹಾರಿ ಎದುರಾಳಿಯ ಕಡೆಯವರ ಮೇಲೆ ಬಿದ್ದ. ಅದಕ್ಕೆ 9 ತಿಂಗಳ ನಿಷೇಧ, 5 ಲಕ್ಷ ಡಾಲರ್ ದಂಡ ತೆತ್ತ. ಗೆದ್ದವನು ಸೋತವನ ಬೆನ್ನು ತಟ್ಟಬೇಕೆನ್ನುವ ಗರಡಿಯ ನೀತಿಗೆ ಆ ರಾತ್ರಿ ಅವನು ತಪ್ಪಿ ನಡೆದ.

ಎರಡು ವರ್ಷಗಳ ನಂತರ ಅವನು ನಡೆದುಕೊಂಡ ರೀತಿ ಬೇರೆ. 2020ರ ಜುಲೈನಲ್ಲಿ ತಂದೆ ತೀರಿಕೊಂಡರು. ಅಕ್ಟೋಬರ್ 24ರಂದು ಅಬುಧಾಬಿಯಲ್ಲಿ ಜಸ್ಟಿನ್ ಗೇಚಿಯನ್ನು ಎರಡನೆಯ ಸುತ್ತಿನಲ್ಲೇ ಕಾಲುಗಳ ನಡುವೆ ಕುತ್ತಿಗೆ ಸಿಕ್ಕಿಸಿ ಮಣಿಸಿದ. ಗೆಲುವಿಗೆ ಕುಣಿಯಲಿಲ್ಲ, ಪಂಜರದ ನಡುವೆ ಕುಸಿದು ಅತ್ತ. ಕೈಗವಸು ಬಿಚ್ಚಿ ನೆಲದ ಮೇಲಿಟ್ಟ. ತಂದೆಯಿಲ್ಲದೆ ಇನ್ನು ಆಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದೇನೆ ಎಂದು ಹೇಳಿ ಹೊರಟ. 29 ಪಂದ್ಯ, 29 ಗೆಲುವು, ವಯಸ್ಸು 32. ಮರಳಿ ಬಾ ಎಂದು ಕಂಪನಿಯವರು ಕರೆದರೂ ಬರಲಿಲ್ಲ. ಸಂಗಡಿಗ ಇಸ್ಲಾಂ ಮಖಚೆವ್‌ನನ್ನು ಪಳಗಿಸುವುದರಲ್ಲಿ ಕೈಜೋಡಿಸಿದ. 2022ರಲ್ಲಿ ಆ ಸಂಗಡಿಗನೇ ಚಾಂಪಿಯನ್ ಆದ.

ಇದನ್ನು ಒಳ್ಳೆಯ ನಿವೃತ್ತಿ ಎನ್ನಲು ಕಾರಣ ಕಣ್ಣೀರಲ್ಲ, ಸೋಲಿಲ್ಲದ ಲೆಕ್ಕವೂ ಅಲ್ಲ. ಅವನಿಗೆ ಹೋಗಲು ಒಂದು ಜಾಗವಿತ್ತು, ಮಾಡಲು ಕೆಲಸವಿತ್ತು, ಸಾಕು ಎಂದಾಗ ಹೌದು ಎನ್ನುವ ಮನೆಮಂದಿ ಇದ್ದರು. ಹಣವೂ ಇತ್ತು. ಇವುಗಳಲ್ಲಿ ಹಣವೊಂದನ್ನು ಬಿಟ್ಟರೆ ಮಿಕ್ಕ ಯಾವುದನ್ನೂ ಅವನಿಗೆ ಆ ಉದ್ಯಮ ಕೊಟ್ಟಿದ್ದಲ್ಲ, ಅಪ್ಪನ ಗರಡಿ ಕೊಟ್ಟಿದ್ದು.

ಅಂಥ ಆಸರೆ ಇಲ್ಲದವರ ಗತಿ ಏನೆಂಬುದಕ್ಕೆ ಚಕ್ ಲಿಡೆಲ್‌ನ ಬದುಕನ್ನು ನೋಡಬೇಕು. ಯುಎಫ್‌ಸಿಯನ್ನು ಮನೆಮಾತು ಮಾಡಿದವರಲ್ಲಿ ಅವನೊಬ್ಬ. 2008ರಿಂದ 2010ರೊಳಗೆ ಮೂರು ಪಂದ್ಯಗಳಲ್ಲಿ ಒಂದರ ಹಿಂದೊಂದು ಪೆಟ್ಟು ತಿಂದು ನೆಲಕ್ಕುರುಳಿದ. 2010ರ ಕೊನೆಗೆ ನಿವೃತ್ತಿ ಘೋಷಿಸಿದಾಗ ಕಂಪನಿ ಅವನಿಗೊಂದು ಹುದ್ದೆ ಕೊಟ್ಟಿತು. 2016ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಕಂಪನಿ ಕೈಬದಲಾದ ಮೇಲೆ ಆ ಹುದ್ದೆ ಹೋಯಿತು. 2018ರ ನವೆಂಬರ್‌ನಲ್ಲಿ, 48ನೇ ವಯಸ್ಸಿನಲ್ಲಿ, ಅವನು ಬೇರೊಬ್ಬ ಸಂಘಟಕರ ಪಂಜರಕ್ಕೆ ಮರಳಿದ. ಹಿಂದೆ ಎರಡು ಸಲ ತಾನೇ ಸೋಲಿಸಿದ್ದ ಟಿಟೊ ಆರ್ಟಿಜ್‌ನ ಕೈಯಲ್ಲಿ ಮೊದಲ ಸುತ್ತಿನಲ್ಲೇ ಪ್ರಜ್ಞೆ ತಪ್ಪಿ ಬಿದ್ದ. ಆ ಪಂದ್ಯಕ್ಕೆ ಸರ್ಕಾರಿ ಆಯೋಗದ ಪರವಾನಗಿ ಇತ್ತು, ಟಿಕೆಟ್ ಇಟ್ಟಿದ್ದರು, ಪ್ರಸಾರವೂ ಇತ್ತು. ಬೇಡ ಎನ್ನುವ ಒಬ್ಬ ಉಸ್ತಾದನ ಮಾತು ಮಾತ್ರ ಎಲ್ಲೂ ನಡೆಯಲಿಲ್ಲ.

ತಪ್ಪು ಅವನೊಬ್ಬನದಲ್ಲ. ಯುಎಫ್‌ಸಿಯ ಸ್ಪರ್ಧಿಗಳು ಕಾಗದದ ಮೇಲೆ ನೌಕರರಲ್ಲ, ಗುತ್ತಿಗೆದಾರರು. ಆದ್ದರಿಂದ ಪಿಂಚಣಿಯ ಮಾತಿಲ್ಲ. ಕಂಪನಿ ಮಾರುಕಟ್ಟೆಯನ್ನು ಮುಷ್ಟಿಯಲ್ಲಿಟ್ಟುಕೊಂಡು ತಮ್ಮ ಸಂಭಾವನೆ ತಗ್ಗಿಸಿದೆ ಎಂದು ಸ್ಪರ್ಧಿಗಳು ಹೂಡಿದ ದಾವೆ ಹತ್ತು ವರ್ಷ ಎಳೆದು, 37.5 ಕೋಟಿ ಡಾಲರ್ ಪರಿಹಾರದಲ್ಲಿ ಮುಗಿಯಿತು. 2010ರಿಂದ 2017ರವರೆಗೆ ಆಡಿದ ಸಾವಿರಕ್ಕೂ ಮಿಕ್ಕ ಮಂದಿ ಅದರ ಪಾಲುದಾರರು. ತಮ್ಮ ಹಕ್ಕಿನ ಹಣಕ್ಕೆ ಅವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಈ ಆಟಗಾರರಿಗೆಂದು ನಿವೃತ್ತಿ ನಿಧಿಯ ಕಾನೂನು ಮಾಡಿದ್ದು ಮೆಚ್ಚತಕ್ಕ ಕೆಲಸ.

ನಮ್ಮ ಕಡೆ ಹೇಗಿತ್ತು? ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲ ನೋಡಿ ವಿಂಗಡಿಸುವುದು, ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವುದು ಅರಸನ ಹೊಣೆ ಎಂದು ಅದು ವಿಧಿಸುತ್ತದೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿ ಕಾಳಗ ಇನ್ನೂ ಹತ್ತಿರದ ಉದಾಹರಣೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ತಲೆ ಬೋಳಿಸಿಕೊಂಡು, ಕೈಗೆ ವಜ್ರಮುಷ್ಟಿ ತೊಟ್ಟು ಮಟ್ಟಿಗಿಳಿಯುತ್ತಾರೆ. ಪೆಟ್ಟು, ಹಿಡಿತ ಎರಡೂ ಇರುವ ಕಾಳಗ ಅದು. ಎಂಎಂಎಗೆ ನಮ್ಮಲ್ಲಿ ಹತ್ತಿರದ ನೆಂಟನಿದ್ದರೆ ಇದೇ. ತಲೆಯಿಂದ ರಕ್ತ ಜಿನುಗಿದ ಕೂಡಲೇ ಕಾಳಗ ಮುಗಿಯಿತು. ಹೊಡೆತ ಭೀಕರವೇ, ಆದರೆ ನಿಲ್ಲಿಸುವ ಗಡಿ ಮೊದಲೇ ಗೊತ್ತು, ಅದನ್ನು ದಾಟುವಂತಿಲ್ಲ.

ಗರಡಿಮನೆಯ ಪದ್ಧತಿಯಲ್ಲಿ ನಿವೃತ್ತಿ ಎನ್ನುವುದಕ್ಕೊಂದು ಸ್ಥಾನವಿತ್ತು. ಮೊಣಕಾಲು ಸೋತ ಪೈಲ್ವಾನ ಕಟ್ಟೆಯ ಮೇಲೆ ಕೂತು ಹುಡುಗರಿಗೆ ದಂಡ, ಬಸ್ಕಿ ಎಣಿಸುತ್ತಿದ್ದ, ಮಟ್ಟಿ ಹದ ಮಾಡಿಸುತ್ತಿದ್ದ, ಜಾತ್ರೆಯ ಕುಸ್ತಿಗೆ ಸಮಬಲದ ಜೋಡಿ ಕಟ್ಟುತ್ತಿದ್ದ. ಈ ಹುಡುಗ ಇನ್ನೂ ಎಳಸು, ಆ ಪೈಲ್ವಾನನ ಎದುರು ಬೇಡ ಎಂದು ಅವನು ಹೇಳಿದರೆ ಅದೇ ಕೊನೆಯ ಮಾತು. ಹಾಗೆಂದು ಎಲ್ಲ ಚೆನ್ನಾಗಿತ್ತು ಎನ್ನಲಾರೆ. ಬಹುಮಾನದ ಗದೆ ಗೋಡೆಗೆ ಒರಗಿಸಿ ಕೂಲಿಗೆ ಹೋದ ಪೈಲ್ವಾನರು ಊರೂರಲ್ಲಿ ಇದ್ದರು. ಆ ಕಷ್ಟ ಕಂಡೇ ಕರ್ನಾಟಕ ಸರ್ಕಾರ ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ಕೊಡುತ್ತಿದೆ. ಮೊತ್ತ ಚಿಕ್ಕದು. ಆದರೂ ಸಾವಿರಾರು ಕೋಟಿಯ ಕಂಪನಿ ಒಪ್ಪಿಕೊಳ್ಳದ ಒಂದು ಋಣವನ್ನು ನಮ್ಮ ರಾಜ್ಯ ಒಪ್ಪಿಕೊಂಡಿದೆ.

ದೇಹವೇ ಬಂಡವಾಳವಾದ ಕಸುಬುಗಳು ತುಮಕೂರು ಜಿಲ್ಲೆಗೆ ಹೊಸವಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಗೆ ಬಾಲನಟನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಮಾಲೀಕರಾದರು. ವಯಸ್ಸಿಗೆ ತಕ್ಕ ಪಾತ್ರ, ಪಾತ್ರ ಮುಗಿದರೆ ಕಲಿಸುವ ಕೆಲಸ ಕಂಪನಿ ನಾಟಕದಲ್ಲಿ ಇದ್ದೇ ಇತ್ತು. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್‌ನ ಕುದುರೆ ಫಾರಂನಲ್ಲಿ, ರೇಸ್ ಮುಗಿಸಿ ತಳಿಗೆಂದು ಆರಿಸಿ ಬಂದ ಕುದುರೆಗೆ ಲಾಯ, ಮೇವು, ವೈದ್ಯ ಎಲ್ಲವೂ ಉಂಟು. ತಳಿಗೆ ಬಾರದ ಕುದುರೆಯ ಪಾಡು ಬೇರೆ. ಎಂಎಂಎ ತನ್ನ ಆಟಗಾರರಲ್ಲಿ ಹೆಚ್ಚಿನವರನ್ನು ಆ ಎರಡನೆಯ ಕುದುರೆಯ ಹಾಗೆ ನಡೆಸಿಕೊಂಡಿದೆ.

ತಲೆಗೆ ಮೇಲಿಂದ ಮೇಲೆ ಬೀಳುವ ಪೆಟ್ಟು ಮಿದುಳನ್ನು ಕೆಡಿಸುತ್ತದೆ ಎಂದು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಬಾಕ್ಸರ್‌ಗಳನ್ನು ಕಂಡು 1928ರಲ್ಲೇ ಬರೆದರು. ದೂರದ ಮಾತೇಕೆ? 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಪೆಟ್ಟು ತಿಂದು ಬಿದ್ದ ಮೈಸೂರಿನ ಯುವಕ ಮತ್ತೆ ಏಳಲಿಲ್ಲ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು, ಪೊಲೀಸರು ಪ್ರಕರಣ ದಾಖಲಿಸಿದರು. ಆ ಹುಡುಗನಿಗೆ ನಿವೃತ್ತಿಯ ವಯಸ್ಸೇ ಬರಲಿಲ್ಲ.

ಕಲೆಯಾಗಿ ಎಂಎಂಎ ಶ್ರೀಮಂತವಾದದ್ದು. ಅದರ ಪಟ್ಟು, ಉಸಿರು, ಧೈರ್ಯಕ್ಕೆ ನನ್ನ ಗೌರವವಿದೆ. ವೃತ್ತಿಯಾಗಿ ಅದು ಇನ್ನೂ ಅರ್ಧ ಕಟ್ಟಿದ ಮನೆ: ಹತ್ತಲು ಮೆಟ್ಟಿಲಿದೆ, ಇಳಿಯಲು ಇಲ್ಲ. ಆದ್ದರಿಂದ ನಮ್ಮ ಊರುಗಳಲ್ಲಿ ಇದನ್ನು ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಮಕ್ಕಳಿಗೆ ಹಿಡಿತ, ಪಟ್ಟು ಕಲಿಸಿ, ತಲೆಗೆ ಹೊಡೆಯುವುದನ್ನು ದೂರವಿಡಿ. ವೈದ್ಯರು ಮತ್ತು ಆ್ಯಂಬುಲೆನ್ಸ್ ಇಲ್ಲದ ಕಡೆ ಸ್ಪರ್ಧೆ ಇಡಬೇಡಿ. ಆಡಿ ದಣಿದವರನ್ನು ಗುರುಗಳಾಗಿ ಉಳಿಸಿಕೊಳ್ಳಿ. ಹೆತ್ತವರೇ, ಮಗನನ್ನೋ ಮಗಳನ್ನೋ ತರಬೇತಿಗೆ ಸೇರಿಸುವ ದಿನ ಫೀಸು ಎಷ್ಟೆಂದು ಕೇಳುವ ಮೊದಲು, ಇಲ್ಲಿ ಬೇಡ ಎನ್ನುವವರು ಯಾರು ಎಂದು ಕೇಳಿ. ಅದಕ್ಕೆ ನೆಟ್ಟಗೆ ಉತ್ತರ ಬರದಿದ್ದರೆ ಮಗುವನ್ನು ಮನೆಗೆ ಕರೆದುಕೊಂಡು ಬನ್ನಿ.