ಹೆಸರಿನ ಋಣ

ಲಕ್ಷಗಟ್ಟಲೆ ತಯಾರಾಗುವ ಮೋಟಾರು ಕಾರಿಗೆ ಹೆಸರು ಒಂದು ಗುರುತು ಮಾತ್ರ. ಕಾರು ಎದುರಿಗೇ ಇರುತ್ತದೆ; ನೆರೆಮನೆಯವರಲ್ಲಿ ಒಂದು ಇರುತ್ತದೆ; ಹೆಸರು ಏನೇ ಇರಲಿ, ತನ್ನ ಗುಣಾವಗುಣಗಳನ್ನು ಅದು ತಾನೇ ಹೇಳಿಕೊಳ್ಳುತ್ತದೆ. ನಾಲ್ಕೋ ನೂರೋ ಮಾತ್ರ ತಯಾರಾಗಿ ಸಿರಿವಂತರ ಗ್ಯಾರೇಜು ಸೇರುವ ಕಾರಿನ ಮಾತು ಬೇರೆ. ಅದನ್ನು ಕಣ್ಣಾರೆ ಕಂಡವರು ವಿರಳ. ಓಡಿಸಿದವರು ಇನ್ನೂ ವಿರಳ. ಉಳಿದವರ ಪಾಲಿಗೆ ದಕ್ಕುವುದು ಒಂದು ಚಿತ್ರ, ಕೆಲವು ಅಂಕಿಗಳು, ಒಂದು ಹೆಸರು. ಚಿತ್ರ ಮಾಸುತ್ತದೆ, ಅಂಕಿ ಮರೆತುಹೋಗುತ್ತದೆ, ಹೆಸರು ಉಳಿಯುತ್ತದೆ. ಆದ್ದರಿಂದ ಇಂಥ ಕಾರಿಗೆ ಹೆಸರಿಡುವುದೆಂದರೆ ಲೋಕಕ್ಕೆ ಒಂದು ಮಾತು ಕೊಟ್ಟ ಹಾಗೆ.

ಬ್ರಿಟನ್ನಿನ ಸೂಪರ್‌ಕಾರುಗಳನ್ನು ಕುರಿತು ಅಲ್ಲಿನ ಕಾರು ರಸಿಕರು ಬರೆದಿರುವುದನ್ನು ನಾನು ಬಹುಕಾಲದಿಂದ ಓದುತ್ತ ಬಂದಿದ್ದೇನೆ. ನಮ್ಮ ಪಂಡಿತರು ಒಂದು ಪಾಠಾಂತರಕ್ಕಾಗಿ ಜಗಳಾಡುವಂತೆ ಅವರು ಒಂದು ಹೆಸರಿಗಾಗಿ ಜಗಳಾಡುತ್ತಾರೆ. ಅವರ ಮತಗಳನ್ನು ಸೋಸಿದರೆ ಮೂರು ಸೂತ್ರಗಳು ನಿಲ್ಲುತ್ತವೆ. ಹೆಸರು ಪದವಾಗಿರಬೇಕು, ಅಂಕಿ ಅಕ್ಷರಗಳ ಕಂತೆಯಾಗಿರಬಾರದು. ಕೇಳಿದೊಡನೆ ಎದೆ ಝಲ್ಲೆನ್ನಬೇಕು. ಕಾರು ಎಷ್ಟು ವಿರಳವೋ ಹೆಸರು ಅಷ್ಟು ಪೂಜ್ಯ. ಇವುಗಳಲ್ಲಿ ಮೊದಲನೆಯದು ಅರ್ಧಸತ್ಯ, ಎರಡನೆಯದು ಕಾಲುಸತ್ಯ, ಮೂರನೆಯದು ಸುಳ್ಳು ಎಂದು ನನ್ನ ಎಣಿಕೆ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರ ತನ್ನ 'ಔಚಿತ್ಯವಿಚಾರಚರ್ಚೆ'ಯಲ್ಲಿ ನಾಮೌಚಿತ್ಯವೆಂಬುದನ್ನೂ ಒಂದಾಗಿ ಎಣಿಸಿದ್ದಾನೆ. ಮಾಡುವ ಕೆಲಸಕ್ಕೆ ಹೊಂದುವ ಹೆಸರಿನಿಂದ ಮನುಷ್ಯನ ಗುಣದೋಷ ತಿಳಿಯುವಂತೆ ಕಾವ್ಯದ ಗುಣದೋಷವೂ ತಿಳಿಯುತ್ತದೆ ಎಂಬುದು ಅವನ ಅಭಿಪ್ರಾಯ. ಅವನ ಒರೆಗಲ್ಲು ಯಂತ್ರಕ್ಕೂ ಸಲ್ಲುತ್ತದೆ. ಹೆಸರು ಎಷ್ಟು ಇಂಪಾಗಿದೆ ಎಂಬುದಕ್ಕಿಂತ, ಕಾರು ಅದನ್ನು ಹೊರಬಲ್ಲುದೆ ಎಂಬುದೇ ಮುಖ್ಯ ಪ್ರಶ್ನೆ.

ಜಾಗ್ವಾರ್ ಎಕ್ಸ್‌ಜೆ 220ರ ಕಥೆಯನ್ನು ನೋಡಿ. 1988ರಲ್ಲಿ ಬರ್ಮಿಂಗ್‌ಹ್ಯಾಮಿನ ಮೋಟಾರು ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಹನ್ನೆರಡು ಸಿಲಿಂಡರಿನ ಎಂಜಿನ್ನು, ನಾಲ್ಕು ಚಕ್ರಗಳಿಗೂ ಚಾಲನೆ, ಗಂಟೆಗೆ 220 ಮೈಲಿ ವೇಗದ ಗುರಿ. ಆ ಗುರಿಯೇ ಹೆಸರಾಯಿತು. ಜನ 50,000 ಪೌಂಡು ಮುಂಗಡ ಕಟ್ಟಿದರು. 1992ರಲ್ಲಿ ಹೊರಬಂದ ಕಾರಿನಲ್ಲಿ ಇದ್ದುದು ಆರು ಸಿಲಿಂಡರು, ಎರಡು ಟರ್ಬೊ. ಚಾಲನೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಇಟಲಿಯ ನಾರ್ಡೊ ಪಥದಲ್ಲಿ ಎಂಜಿನ್ನಿನ ಕಟ್ಟುಪಾಡು ಸಡಿಲಿಸಿ ಓಡಿಸಿದಾಗಲೂ ಮುಟ್ಟಿದ್ದು 217 ಮೈಲಿ. ಅಷ್ಟರಲ್ಲಿ ಆರ್ಥಿಕ ಮುಗ್ಗಟ್ಟು ಬಂದಿತ್ತು. ಮುಂಗಡ ಕಟ್ಟಿದವರಲ್ಲಿ ಕೆಲವರು ಕರಾರಿನಿಂದ ಬಿಡಿಸಿಕೊಳ್ಳಲು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಸುಮಾರು 280 ಕಾರುಗಳಿಗೆ ತಯಾರಿಕೆ ನಿಂತಿತು.

'ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ' ಎಂಬ ನಮ್ಮ ಗಾದೆ ಇಲ್ಲಿ ಪೂರ್ತಿ ಸಲ್ಲದು. ಈ ಮನೆಯಲ್ಲಿ ಹಾಲು ಧಾರಾಳವಾಗಿಯೇ ಇತ್ತು. 217 ಮೈಲಿ ಆ ಕಾಲಕ್ಕೆ ಅದ್ಭುತ ವೇಗ. ಆದರೆ ಹಾಲು ಇಷ್ಟೇ ಸೇರು ಎಂದು ಹೆಸರು ಮೊದಲೇ ಅಳತೆ ಹೇಳಿಬಿಟ್ಟಿತ್ತು. ಮೂರು ಮೈಲಿಯ ಕೊರತೆ ಕಾರಿನ ಹಣೆಯ ಮೇಲೆಯೇ ಬರೆದುಹೋಯಿತು. ಇಂದು ರಸಿಕರು ಅದೇ ಕಾರನ್ನು ಬಾಯಿತುಂಬ ಹೊಗಳುತ್ತಾರೆ. ಅಂದು ಇದೇ ರಸಿಕವರ್ಗ ಮುಖ ತಿರುಗಿಸಿತ್ತು. ಆ ಉದ್ದವಾದ, ಸೊಗಸಾದ ಮೈ ಅಂದಿನಿಂದ ಒಂದಂಗುಲವೂ ಬದಲಾಗಿಲ್ಲ. ಕೊಟ್ಟ ಮಾತಿನ ನೆನಪು ಮಸುಕಾಗಿದೆ, ಅಷ್ಟೆ.

ಹಾಗಾದರೆ ಅಂಕಿ ಅಕ್ಷರಗಳೇ ದೋಷವೆ? ಅಲ್ಲ. ಅದೇ 1992ರಲ್ಲಿ ಮೆಕ್‌ಲಾರೆನ್ ಕಂಪೆನಿ ಎಫ್‌ 1 ಎಂಬ ಕಾರನ್ನು ಹೊರತಂದಿತು. ಡರ್ಬನ್ನಿನಲ್ಲಿ ಹುಟ್ಟಿದ ಗಾರ್ಡನ್ ಮರ್ರಿ ಅದರ ನಿರ್ಮಾತೃ. ಚಾಲಕನಿಗೆ ನಡುವೆ ಆಸನ, ಅಕ್ಕಪಕ್ಕ ಸ್ವಲ್ಪ ಹಿಂದೆ ಇಬ್ಬರು. ಎಂಜಿನ್ನಿನ ಬಿಸಿ ತಡೆಯಲು ಚಿನ್ನದ ತಗಡು. ಹೆಸರೋ ತೀರ ಸಪ್ಪೆ. ಫಾರ್ಮುಲಾ ಒನ್ ಪಂದ್ಯದ ಸಂಕ್ಷೇಪವೂ ಅದೇ ಆದ್ದರಿಂದ ಗೊಂದಲ ಬೇರೆ. ಆದರೆ ಆ ಹೆಸರು ಯಾವ ವೇಗವನ್ನೂ ಸಾರಿರಲಿಲ್ಲ. 1995ರಲ್ಲಿ ಕಾರು ಲ ಮಾನ್ಸ್‌ನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯ ಗೆದ್ದಿತು. 1998ರಲ್ಲಿ ಗಂಟೆಗೆ 240 ಮೈಲಿ ಮುಟ್ಟಿತು. ಒಟ್ಟು 106 ಕಾರುಗಳು ತಯಾರಾದುವು. ಬರಿದಾದ ಪಾತ್ರೆಯಂತಿದ್ದ ಹೆಸರನ್ನು ಕಾರೇ ತುಂಬಿತು.

ಇದೇ ಕಂಪೆನಿ 2009ರಲ್ಲಿ ಎಂಪಿ4-12ಸಿ ಎಂಬ ಹೆಸರಿಟ್ಟಾಗ ರಸಿಕರು ಅದನ್ನು ಕಚೇರಿಯ ಯಂತ್ರಕ್ಕೆ ಹೋಲಿಸಿ ನಕ್ಕರು. ಕಂಪೆನಿಯೂ ಕೊನೆಗೆ ಮೊದಲ ಭಾಗವನ್ನು ಕತ್ತರಿಸಿ 12ಸಿ ಎಂದಿತು. ಅಕ್ಷರಗಳು ಏನನ್ನು ಸೂಚಿಸುತ್ತವೆಂದು ಕಾರ್ಖಾನೆಯವರಿಗೆ ಗೊತ್ತಿದ್ದರೆ ಸಾಲದು. ಕೇಳುವವನಿಗೂ ಅದು ನಾಲಗೆಯ ಮೇಲೆ ನಿಲ್ಲಬೇಕು. ರಸಿಕರ ಮೊದಲ ಸೂತ್ರದ ಸತ್ಯಾಂಶ ಇಷ್ಟೆ.

ಎರಡನೆಯ ಸೂತ್ರಕ್ಕೆ ಅವರು ಎತ್ತಿಹಿಡಿಯುವ ಸಾಕ್ಷಿ ಬ್ಲ್ಯಾಕ್‌ಪೂಲಿನ ಟಿವಿಆರ್. ಸ್ಥಾಪಕ ಟ್ರೆವರ್ ವಿಲ್ಕಿನ್ಸನ್ನರ ಮೊದಲ ಹೆಸರಿನಿಂದಲೇ ಮೂರು ಅಕ್ಷರಗಳನ್ನು ಆರಿಸಿ ಕಂಪೆನಿಗೆ ಇಟ್ಟದ್ದು. ಅದರ ಕಾರುಗಳು ಮಾತ್ರ ಗ್ರೀಕರ ಪುರಾಣದಿಂದ ಇಳಿದುಬಂದವು: ಹಲವು ಪ್ರಾಣಿಗಳ ಅಂಗ ಕೂಡಿದ ಕಿಮೇರ, ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ನೆನಪಿನ ಸೆರ್ಬೆರ. ಈ ಹೆಸರುಗಳು ಬರಿಯ ಗರ್ಜನೆಯಾಗಿದ್ದರೆ ನಗೆಪಾಟಲಾಗುತ್ತಿದ್ದುವು. ಆದರೆ ಸೆರ್ಬೆರದ ಹನ್ನೆರಡು ಸಿಲಿಂಡರಿನ ರೂಪವಾದ ಸ್ಪೀಡ್ 12 ಸಿದ್ಧವಾದಾಗ, ಕಂಪೆನಿಯ ಒಡೆಯ ಪೀಟರ್ ವೀಲರ್ ಅದನ್ನು ತಾವೇ ಮನೆಗೆ ಓಡಿಸಿಕೊಂಡು ಹೋಗಿ, ಇದು ರಸ್ತೆಗೆ ತಕ್ಕದ್ದಲ್ಲ, ಶಕ್ತಿ ಅತಿಯಾಯಿತು ಎಂದು ತೀರ್ಮಾನಿಸಿ ಮಾರಾಟವನ್ನೇ ಕೈಬಿಟ್ಟರು. ನಾಯಿ ಕಚ್ಚುವುದು ನಿಜವೆಂದು ತಿಳಿದ ಮೇಲೆ ಸರಪಳಿ ಬಿಚ್ಚದ ವಿವೇಕ ಅದು. ಹೆಸರಿನ ಭಯಂಕರತೆಗೆ ಬೆಲೆ ತಂದದ್ದು ಆ ವಿವೇಕ.

ಬ್ರಿಸ್ಟಲ್ ಫೈಟರ್ ಇನ್ನೊಂದು ಬಗೆ. ಬ್ರಿಸ್ಟಲ್ ಕಾರುಗಳು ಹುಟ್ಟಿದ್ದು ವಿಮಾನದ ಕಾರ್ಖಾನೆಯ ಮಡಿಲಲ್ಲಿ. ಬ್ಲೆನ್‌ಹೈಮ್, ಬ್ಯೂಫೈಟರ್, ಬ್ರಿಟಾನಿಯ ಎಂದು ವಿಮಾನಗಳ ಹೆಸರುಗಳನ್ನೇ ಅವು ಹೊತ್ತುವು. ಫೈಟರ್ ಎಂಬುದು ಮೊದಲ ಮಹಾಯುದ್ಧದಲ್ಲಿ ಹಾರಿದ ವಿಮಾನದ ಹೆಸರು. ವಂಶದ ಹೆಸರು, ಕದ್ದದ್ದಲ್ಲ. ಎಂಜಿನ್ನು ಅಮೆರಿಕದ್ದಾದರೂ ಹೆಸರಿನ ಹಕ್ಕಿಗೆ ಕುಂದಿಲ್ಲ. ಆದರೆ ವಂಶ ಅನ್ನ ಹಾಕುವುದಿಲ್ಲ. ಕೆಲವೇ ಕಾರುಗಳು ಮಾರಾಟವಾಗಿ 2011ರಲ್ಲಿ ಕಂಪೆನಿ ದಿವಾಳಿಯ ಅಂಚಿಗೆ ಬಂತು. ಇದಕ್ಕೆ ಎದುರಾಗಿ ಬ್ಯಾನ್‌ಬರಿಯ ಅಸ್ಕಾರಿ ಕೆಜೆಡ್ 1 ಇದೆ. ಕಂಪೆನಿಗೆ ಇಟಲಿಯ ಚಾಂಪಿಯನ್ ಆಲ್ಬರ್ಟೊ ಅಸ್ಕಾರಿಯ ಹೆಸರು, ಕಾರಿಗೆ ಡಚ್ ಒಡೆಯ ಕ್ಲಾಸ್ ಜ್ವಾರ್ಟ್‌ರ ಮೊದಲಕ್ಷರಗಳು, ಎಂಜಿನ್ನು ಜರ್ಮನಿಯದು. ಮಹಾಪುರುಷನ ಪಕ್ಕದಲ್ಲಿ ಯಜಮಾನನು ತನ್ನ ಮೊಹರನ್ನೂ ಒತ್ತಿದಂತೆ ಇದು ನನಗೆ ಕಾಣುತ್ತದೆ. ಕಾರು ಕೆಟ್ಟದ್ದಲ್ಲ, ಹೆಸರು ಮಾತ್ರ ಯಾರ ಮಗುವೆಂದು ಹೇಳಲಾರದು.

ತೀರಿಹೋದವರ ಹೆಸರನ್ನು ಇಡುವಾಗ ಋಣ ಇನ್ನೂ ಭಾರವಾಗುತ್ತದೆ. 2017ರ ಕೊನೆಯಲ್ಲಿ ಮೆಕ್‌ಲಾರೆನ್ ತನ್ನ 500 ಕಾರುಗಳ ಒಂದು ಮಾಲಿಕೆಗೆ ಸೆನ್ನಾ ಎಂದು ಹೆಸರಿಟ್ಟಿತು. ಆಯರ್ಟನ್ ಸೆನ್ನಾ ತನ್ನ ಮೂರು ವಿಶ್ವವಿಜಯಗಳನ್ನೂ ಆ ಕಂಪೆನಿಗಾಗಿ ಗಳಿಸಿದವನು. 1994ರಲ್ಲಿ ಇಮೋಲದಲ್ಲಿ ಓಡಿಸುತ್ತಲೇ ಪ್ರಾಣಬಿಟ್ಟವನು. ಸಂಬಂಧವಿಲ್ಲವೆಂದು ಯಾರೂ ಹೇಳಲಾರರು. ಆದರೂ ಈ ಕಾರಿನ ಯಾವ ಅಂಗ ಸೆನ್ನಾನದು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಗಾರ್ಡನ್ ಮರ್ರಿ 2021ರಲ್ಲಿ ತಮ್ಮ ಟಿ.50ಎಸ್ ಕಾರಿಗೆ ನಿಕಿ ಲೌಡಾನ ಹೆಸರನ್ನು ಸೇರಿಸಿದರು. 1978ರಲ್ಲಿ ಸ್ವೀಡನ್ನಿನ ಪಂದ್ಯವನ್ನು ಲೌಡಾ ಗೆದ್ದದ್ದು ಮರ್ರಿ ರಚಿಸಿದ, ಹಿಂದೆ ಬೀಸಣಿಗೆ ಇದ್ದ ಬ್ರ್ಯಾಬಮ್ ಕಾರಿನಲ್ಲಿ. ಟಿ.50ಎಸ್‌ನ ಹಿಂಭಾಗದಲ್ಲೂ ಬೀಸಣಿಗೆ ಇದೆ. ಇಲ್ಲಿ ಹೆಸರು ಅಂಟಿಸಿದ ಚೀಟಿಯಲ್ಲ. ಕಾರಿನ ಒಳಗಿಂದಲೇ ಬಂದದ್ದು. ಕ್ಷೇಮೇಂದ್ರ ಒಪ್ಪುತ್ತಿದ್ದ ಹೆಸರು ಇದು.

ಇನ್ನು ವಿರಳತೆಯ ಪೂಜೆ. ಆಸ್ಟನ್ ಮಾರ್ಟಿನ್ ಕಂಪೆನಿ ತನ್ನ ಒಂದು ಕಾರಿಗೆ ಒನ್-77 ಎಂದೇ ಹೆಸರಿಟ್ಟಿತು, ತಯಾರಾದದ್ದು 77. ಕಾರಿನ ಕೆಲಸ, ಕುಲ, ರೂಪ ಯಾವುದನ್ನೂ ಈ ಹೆಸರು ಹೇಳುವುದಿಲ್ಲ. 'ಎಲ್ಲರಿಗೂ ಇಲ್ಲ' ಎಂದಷ್ಟೇ ಹೇಳುತ್ತದೆ. ಅದು ಬಾಗಿಲಿಗೆ ಹಾಕಿದ ಬೀಗದ ಹೆಸರು. ಕಾರು ಸುಂದರವಾಗಿರುವುದರಿಂದಲೇ ನನಗೆ ಈ ಬಡತನ ಹೆಚ್ಚು ನೋಯಿಸುತ್ತದೆ. ಲಿಸ್ಟರ್ ಸ್ಟಾರ್ಮ್ ರಸ್ತೆಯ ಕಾರುಗಳಾಗಿ ಹೊರಬಂದದ್ದು ನಾಲ್ಕೇ ನಾಲ್ಕು. ಅದರ ಹೆಸರಿನಲ್ಲಿ ಆ ಲೆಕ್ಕವಿಲ್ಲ. ಅದರ ಪಂದ್ಯದ ರೂಪ 2000ದಲ್ಲಿ ಎಫ್‌ಐಎ ಜಿಟಿ ಚಾಂಪಿಯನ್ ಪದವಿ ಗೆದ್ದು 'ಬಿರುಗಾಳಿ' ಎಂಬ ಮಾತನ್ನು ಉಳಿಸಿಕೊಂಡಿತು. ನಾಲ್ಕೇ ಇವೆಯೆಂದು ಅದನ್ನು ಹೊಗಳುವವರು ಅದರ ಗೆಲುವನ್ನು ಮರೆತು ಕೊರತೆಯನ್ನು ಪೂಜಿಸುತ್ತಾರೆ.

ಒಂದೇ ಒಂದು ಕಾರಿನ ಕಥೆಯೂ ಇದೆ. 1980ರಲ್ಲಿ ಆಸ್ಟನ್ ಮಾರ್ಟಿನ್ ಬುಲ್‌ಡಾಗ್ ಎಂಬ ಬೆಣೆಯಾಕಾರದ ಕಾರನ್ನು ತೋರಿಸಿತು. ಗಂಟೆಗೆ 200 ಮೈಲಿ ಅದರ ಗುರಿ. ಆಗ ಮುಟ್ಟಿದ್ದು 191. ಮರುವರ್ಷ ಯೋಜನೆಯನ್ನೇ ಕೈಬಿಟ್ಟರು. ಕಾರು ಕೈಯಿಂದ ಕೈಗೆ ಹೋಯಿತು. ಕೊನೆಗೆ ಅದನ್ನು ಕೊಂಡವರು ದುರಸ್ತಿ ಮಾಡಿಸಿ, 2023ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಮಾಖ್ರಿಹಾನಿಷ್ ವಿಮಾನನೆಲೆಯಲ್ಲಿ ಓಡಿಸಿದರು. ವೇಗ 205 ಮೈಲಿ ದಾಟಿತು. ನಲವತ್ತು ವರ್ಷಕ್ಕೆ ಮೇಲ್ಪಟ್ಟ ಸಾಲ, ಬಡ್ಡಿಸಮೇತ ತೀರಿತು. ಹಿಡಿದದ್ದನ್ನು ಬಿಡದ ನಾಯಿಯೆಂದು ಬ್ರಿಟಿಷರು ಬುಲ್‌ಡಾಗನ್ನು ಮೆಚ್ಚುತ್ತಾರೆ. ಆ ಹೆಸರು ಇಷ್ಟು ಕಾಲ ಕಾದು ತನ್ನ ಅರ್ಥವನ್ನು ಸಂಪಾದಿಸಿಕೊಂಡಿತು.

ರಸಿಕರು ಹೆಸರಿನ ನಾದವನ್ನು ಆಲಿಸುವುದನ್ನು ಬಿಡಬೇಕಾಗಿಲ್ಲ. ಅದು ಅವರ ಸುಖ. ಮಾರುವವನು ಹೆಸರನ್ನೂ ಸಂಖ್ಯೆಯನ್ನೂ ಮುಂದಿಟ್ಟು ದರ ಏರಿಸುವ ಈ ಕಾಲದಲ್ಲಿ, ಇದು ಯಾವ ಮಾತು ಕೊಟ್ಟಿತು, ಅದನ್ನು ನಡೆಸಿಕೊಟ್ಟಿತೆ ಎಂದೂ ಅವರು ಕೇಳಲಿ. ಕಾರನ್ನು ಎಂದೂ ಕೊಳ್ಳಲಾರದ ನಮ್ಮಂಥವರಿಗೆ ಆ ಪ್ರಶ್ನೆ ಕೇಳುವ ಹಕ್ಕು ಹೆಚ್ಚೇ ಇದೆ. ನಮ್ಮ ಪಾಲಿಗೆ ಬಂದಿರುವುದು ಹೆಸರೊಂದೇ ತಾನೆ?