ಬೆನ್ನು ಬಾಗಿಸುವ ಮೊದಲು

'ಬೆನ್ನು ಹೊರಗೆ ತಳ್ಳಮ್ಮಾ, ಗದ್ದ ಎದೆಗೆ ಒತ್ತು, ಅಲುಗಾಡಬೇಡ.' ಸಿಸೇರಿಯನ್‌ಗೆಂದು ಓಟಿಗೆ ಬಂದ ಹೆಂಗಸರು, ಬೆನ್ನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಮುನ್ನ ಕೇಳುವ ಮಾತಿದು. ಬೆಂಗಳೂರಿನ ಶಿವಾಜಿನಗರ, ಹಲಸೂರಿನ ಕಡೆ ಇದು ಕನ್ನಡದಲ್ಲಿ ಶುರುವಾಗಿ, ತಮಿಳಿಗೆ ಹೊರಳಿ, ಹೆದರಬೇಡ ಎನ್ನುವ ದಖನಿಯ 'ಡರೋ ನಕ್ಕೋ'ದಲ್ಲಿ ಮುಗಿಯುತ್ತದೆ. ಅರಿವಳಿಕೆ ವೈದ್ಯಳಾಗಿ ನಾನೂ ವರ್ಷಗಟ್ಟಲೆ ಹೀಗೇ ಹೇಳಿದ್ದೇನೆ. ನಮ್ಮ ಈ ಪದ್ಧತಿಯಲ್ಲಿ ಅಪ್ಪಣೆ ಹೆಚ್ಚು, ಆಸರೆ ಕಡಿಮೆ.

ಬೆನ್ನುಹುರಿ ದೊಡ್ಡವರಲ್ಲಿ ಸಾಮಾನ್ಯವಾಗಿ ಸೊಂಟದ ಮೊದಲ ಎರಡು ಮೂಳೆಗಳ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, 3-4 ಅಥವಾ 4-5ನೇ ಮೂಳೆಗಳ ಸಂದಿಯಲ್ಲಿ. ಬಸುರಿಯ ಸೊಂಟ ಮುಂದಕ್ಕೆ ಬಳುಕಿ ಆ ಸಂದಿ ಕಿರಿದಾಗಿರುತ್ತದೆ. ಬೆನ್ನು ಬಾಗಿದಷ್ಟೂ ಅದು ತೆರೆದುಕೊಳ್ಳುತ್ತದೆ. ಕೂರಿಸಿದರೆ, ಅದರಲ್ಲೂ ಮೈ ತುಂಬಿದವರಲ್ಲಿ, ನಡುಗೆರೆ ಬೇಗ ಸಿಗುತ್ತದೆ. ತಲೆ ಸುತ್ತುವವರಿಗೆ, ಕೂರಲಾಗದಷ್ಟು ನೋವಿರುವವರಿಗೆ ಪಕ್ಕಕ್ಕೆ ಮಲಗುವುದೇ ಮೇಲು. ನನ್ನ ಒಲವು ಕೂರಿಸುವ ಕಡೆಗೆ. ಆದರೆ ಕಾಲಿಗೆ ಸ್ಟೂಲು, ತಬ್ಬಿಕೊಳ್ಳಲು ದಿಂಬು, ಭುಜ ಹಿಡಿದು ಎದುರಿಗೊಬ್ಬರು ಇರಲೇಬೇಕು. ಹೆರಿಗೆ ನೋವು ಬಂದಾಗ ಸೂಜಿ ಕಾಯಬೇಕು, ತಾಯಿಯನ್ನು ಗದರಬಾರದು.

ಒಮ್ಮೆ ಒಬ್ಬ ಹುಡುಗಿ ಎಷ್ಟು ಹೇಳಿದರೂ ಬಾಗಲಿಲ್ಲ. ಒಂದು ಕೈ ಹಿಂದಕ್ಕೆ ಹೋಗಿ ಬಿಚ್ಚಿದ ಗೌನನ್ನು ಎಳೆದೆಳೆದು ಮುಚ್ಚುತ್ತಿತ್ತು. ನಾವು ಹೆದರಿಕೆ ಅಂದುಕೊಂಡೆವು. ಆಯಾ ಮಾತ್ರ ಏನೂ ಹೇಳದೆ ಒಂದು ದುಪ್ಪಟಿ ತಂದು ಭುಜದಿಂದ ಇಳಿಬಿಟ್ಟರು, ಸೊಂಟದ ಮೇಲೆ ಅಂಗೈ ಅಗಲ ಮಾತ್ರ ಖಾಲಿ ಬಿಟ್ಟು. ಕೈ ಮುಂದಕ್ಕೆ ಬಂತು, ಬೆನ್ನು ತಾನಾಗಿ ದುಂಡಗಾಯಿತು. ಪರದೆಯ ಹೆಂಗಸರಿಗೆಂದೇ ಘೋಷಾ ಆಸ್ಪತ್ರೆ ಕಟ್ಟಿಸಿದ ಊರಿನಲ್ಲಿ ಮೈ ಮುಚ್ಚುವ ಈ ಪಾಠವನ್ನು ನಮಗೆ ಯಾರೂ ಕಲಿಸಬೇಕಿರಲಿಲ್ಲ.

ಇಂಜೆಕ್ಷನ್ ಆದಮೇಲಿನ ಭಂಗಿಗೆ ನಾವು ಕೊಡುವ ಗಮನ ಇನ್ನೂ ಕಡಿಮೆ. ಔಷಧಿಯಲ್ಲಿ ಡೆಕ್ಸ್ಟ್ರೋಸ್ ಬೆರೆತು ಭಾರವಾಗಿರುವುದರಿಂದ ಅದು ತಗ್ಗಿಗೆ ಇಳಿಯುತ್ತದೆ. ತಾಯಿಯನ್ನು ಬಹಳ ಹೊತ್ತು ಕೂರಿಸಿಯೇ ಬಿಟ್ಟರೆ ಮರಗಟ್ಟುವಿಕೆ ಆಪರೇಷನ್‌ಗೆ ಬೇಕಾದ ಎದೆಯ ಮಟ್ಟಕ್ಕೆ ಏರುವುದಿಲ್ಲ. ಅಂಗಾತ ಮಲಗಿಸಿದರೆ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತಿ ಬಿ.ಪಿ. ಕುಸಿಯಬಹುದು. ಅದಕ್ಕೇ ಬಲಸೊಂಟದ ಕೆಳಗೆ ದಿಂಬು ಕೊಟ್ಟು ಎಡಕ್ಕೆ 15 ಡಿಗ್ರಿ ವಾಲಿಸುವ ರೂಢಿ. 2015ರ ಒಂದು ಎಂ.ಆರ್.ಐ. ಅಧ್ಯಯನದಲ್ಲಿ 15 ಡಿಗ್ರಿಗೆ ಆ ನಾಳ ಹೆಚ್ಚೇನೂ ಬಿಡಿಸಿಕೊಳ್ಳಲಿಲ್ಲ, 30ಕ್ಕೆ ಬಿಡಿಸಿಕೊಂಡಿತು. ಫಿನೈಲ್‌ಎಫ್ರಿನ್ ಎಂಬ ಔಷಧಿ ಹನಿಸುತ್ತಾ ಬಿ.ಪಿ. ಕಾಪಾಡಿದರೆ, ಆರೋಗ್ಯವಂತ ತಾಯಂದಿರನ್ನು ವಾಲಿಸದಿದ್ದರೂ ಮಗುವಿಗೆ ತೊಂದರೆಯಾಗಲಿಲ್ಲವೆಂದು 2017ರ ಇನ್ನೊಂದು ಅಧ್ಯಯನ ಹೇಳಿತು. ಇದನ್ನೇ ಹಿಡಿದು ದಿಂಬು ಬೇಡ ಅನ್ನುವವರನ್ನು ನಾನು ಒಪ್ಪಲಾರೆ. ಆ ಔಷಧಿ ಬಿಡದೆ ಹನಿಸುವ ಪಂಪು ಎಲ್ಲ ಓಟಿಯಲ್ಲೂ ಇರುವುದಿಲ್ಲ. ಆದರೆ ಮಡಚಿದ ತೆಳು ಬೆಡ್‌ಶೀಟು ತುರುಕಿ ವಾಲಿಸಿದೆವೆಂದು ಬರೆದುಕೊಳ್ಳುವುದೂ ಸರಿಯಲ್ಲ. ಬಿ.ಪಿ. ಇಳಿಯುವ ಸುದ್ದಿ ಎಷ್ಟೋ ಸಲ ಮಾನಿಟರ್‌ಗಿಂತ ಮೊದಲು ತಾಯಿಯಿಂದಲೇ ಬರುತ್ತದೆ. 'ಒಂಥರಾ ಆಗ್ತಿದೆ ಡಾಕ್ಟ್ರೇ' ಅಂದ ತಕ್ಷಣ ಒಂದು ಕೈ ಔಷಧಿಗೆ, ಇನ್ನೊಂದು ಅವಳ ಬಲಸೊಂಟದ ಕೆಳಗೆ ಹೋಗಬೇಕು.