ಒಂದು ವೇದಿಕೆ, ಹಲವು ಮೇಳ

ಗೀತವೇ ಮುಖ್ಯ, ವಾದ್ಯವು ಗೀತವನ್ನೂ ನೃತ್ತವು ವಾದ್ಯವನ್ನೂ ಅನುಸರಿಸತಕ್ಕವೆಂದು ಶಾರ್ಙ್ಗದೇವನು ೧೩ನೆಯ ಶತಮಾನದ ತನ್ನ ‘ಸಂಗೀತರತ್ನಾಕರ’ದಲ್ಲಿ ವಿಧಿಸಿದ್ದಾನೆ. ರಾಕ್ ಎಂಬ ಪಾಶ್ಚಾತ್ಯ ಗಾನಪದ್ಧತಿಯನ್ನು ಕೈಕೊಂಡ ನಮ್ಮ ತರುಣ ಮೇಳಗಳನ್ನೂ ಇದೇ ಒರೆಗಲ್ಲಿಗೆ ಹಚ್ಚುವುದು ನ್ಯಾಯವು.

ಬೆಂಗಳೂರಿನ ‘ಸ್ವರಾತ್ಮ’ ಮೇಳವು ೨೦೦೯ರಲ್ಲಿ ಬ್ರಿಟಿಷ್ ಕೌನ್ಸಿಲಿನ ‘ಸೌಂಡ್‌ಪ್ಯಾಡ್’ ಯೋಜನೆಯಂತೆ ಅದ್ವೈತ, ಇಂಡಿಗೋ ಚಿಲ್ಡ್ರನ್, ಮೆಡೂಸಾ ಎಂಬ ಬೇರೆ ಮೂರು ಭಾರತೀಯ ಮೇಳಗಳೊಡನೆ ಇಂಗ್ಲೆಂಡಿಗೆ ಹೋಗಿ ಹಾಡಿತು. ಹೀಗೆ ಹಲವರು ಒಂದೇ ವೇದಿಕೆಯನ್ನು ಹಂಚಿಕೊಂಡಾಗ ಒಬ್ಬೊಬ್ಬರಿಗೆ ದೊರೆವ ಕಾಲವು ಅಲ್ಪವಾದರೂ, ಒಂದು ಮೇಳದ ಅಭಿಮಾನಿಗಳು ಮತ್ತೊಂದನ್ನು ಕೇಳುವ ಲಾಭವು ದೊಡ್ಡದು. ಆದರೆ ಹಿಂದೆ ಹಾಡಿದವರನ್ನು ಮೀರಿಸುವ ಹಟ ಹುಟ್ಟಿತೋ, ಸದ್ದು ಏರುತ್ತದೆ, ಸಾಹಿತ್ಯವು ಮುಳುಗುತ್ತದೆ.

ಪಾಳಿಯ ಹಾಡಿಕೆ ಅಣ್ಣಿಗೇರಿಯ ಸೀಮೆಗೂ ಹೊಸದಲ್ಲ. ಇಲ್ಲಿ ಭಜನೆಯ ಮೇಳಗಳು ಎದುರುಬದುರು ಕುಳಿತಾಗ ಒಂದರ ಪದಕ್ಕೆ ಇನ್ನೊಂದು ಪದದಿಂದಲೇ ಉತ್ತರ ಕೊಡಬೇಕು. ಎದುರಾಳಿಯನ್ನು ಲಕ್ಷ್ಯವಿಟ್ಟು ಕೇಳದವನಿಗೆ ಗೆಲುವಿಲ್ಲ.

ಗಿಟಾರಿನಿಂದ ಪದ ಕೆಟ್ಟಿತೆಂಬ ಹಿರಿಯರ ಆಕ್ಷೇಪವು ಮಾತ್ರ ನಿಲ್ಲದು. ಶಿಶುನಾಳ ಶರೀಫರ (೧೮೧೯–೧೮೮೯) ಗುಡುಗುಡಿಯ ಪದವನ್ನು ರಘು ದೀಕ್ಷಿತರು ೨೦೦೮ರ ತಮ್ಮ ಧ್ವನಿಮುದ್ರಿಕೆಯಲ್ಲಿ ಹಾಡಿದ್ದಾರೆ. ಗಿಟಾರು ಅಲ್ಲಿಯೂ ಉಂಟು. ಆದರೂ ಅಕ್ಷರವು ಸ್ಪಷ್ಟ, ಗುಡುಗುಡಿಯ ನೆವದಿಂದ ಹೇಳಿದ ತತ್ತ್ವವು ಕೇಳುಗನಿಗೆ ದಕ್ಕುತ್ತದೆ. ದೋಷವು ವಾದ್ಯದ್ದಲ್ಲ, ಅನುಸರಣವನ್ನು ಮರೆತ ವಾದಕನದು. ತರುಣರು ಸ್ಪರ್ಧೆಯನ್ನು ಸದ್ದಿನಿಂದ ಪದದ ಕಡೆಗೆ ತಿರುಗಿಸಲಿ. ಆಗ ಮುಂದಿನ ಮೇಳಕ್ಕೆ ಕೇಳುವ ಕಿವಿಯನ್ನು ಉಳಿಸಿಕೊಟ್ಟಂತಾಗುವುದು.